ಬೀಜದ ಕುದುರೆ, ಬೀಜದ ಹೋರಿ

ಇತಿಹಾಸದ ಪಾಠ ಹೇಳುವ ನಾವು ಕುದುರೆಯನ್ನು ರಣರಂಗದಲ್ಲಿ ಮಾತ್ರ ಕಾಣುತ್ತೇವೆ. ಒಬ್ಬ ಅರಸನಿಗೆ ಇಷ್ಟು ಸಾವಿರ ಕುದುರೆಯ ಬಲವಿತ್ತು, ಅವನ ಹಗೆಗೆ ಅಷ್ಟು ಸಾವಿರವಿತ್ತು ಎಂದು ಲೆಕ್ಕವೊಪ್ಪಿಸಿ ಮುಂದಕ್ಕೆ ಸಾಗುತ್ತೇವೆ. ಆ ಕುದುರೆ ಯಾವ ಹಳ್ಳಿಯಲ್ಲಿ ಹುಟ್ಟಿತು, ಅದರ ತಾಯಿಗೆ ಹುಲ್ಲು ಹಾಕಿದವರಾರು, ಅದರ ತಂದೆಯನ್ನು ಎಲ್ಲಿಂದ ತಂದರು, ನಾಲ್ಕು ವರ್ಷ ಅದನ್ನು ಸಾಕಿದ ರೈತನಿಗೆ ಕೊನೆಗೆ ದೊರೆತುದೇನು ಎಂಬ ಪ್ರಶ್ನೆಗಳು ನಮ್ಮ ಪರೀಕ್ಷೆಯ ಪತ್ರಿಕೆಗಳಲ್ಲಿ ಬರುವುದಿಲ್ಲ. ಆದರೆ ಹಳ್ಳಿಗೂ ಸರ್ಕಾರಕ್ಕೂ ಇರುವ ಸಂಬಂಧವನ್ನು ಅರಿಯಬೇಕಾದರೆ ಯುದ್ಧದ ಕಥೆಗಿಂತ ಈ ಪ್ರಶ್ನೆಗಳೇ ಹೆಚ್ಚು ಉಪಯುಕ್ತವೆಂದು ನಮಗೆ ತೋರುತ್ತದೆ. ಆಳುವವರು ಹಳ್ಳಿಗಾಡಿಗೆ ಒಳ್ಳೆಯ ಜಾತಿಯ ಬೀಜದ ಕುದುರೆಗಳನ್ನು ಒದಗಿಸಿದರು. ಬೀಜದ ಹೋರಿಗಳನ್ನೂ ಒದಗಿಸಿದರು. ಇವೆರಡರಲ್ಲಿ ಒಂದು ನೆಲೆಯೂರಲಿಲ್ಲ, ಮತ್ತೊಂದು ನೆಲೆಯೂರಿತು. ಹಾಗೇಕಾಯಿತೆಂಬುದೇ ಈ ಹೊತ್ತಿನ ನಮ್ಮ ವಿಷಯ.

ಬಾಗಲಕೋಟೆಯಿಂದ ಬೀಳಗಿಗೆ ಹೋಗುವ ಹೆದ್ದಾರಿಯಲ್ಲಿ ಅನಗವಾಡಿ ಎಂಬ ಊರು ಸಿಕ್ಕುತ್ತದೆ. ಅಲ್ಲಿ ಘಟಪ್ರಭೆಗೆ ಕಟ್ಟಿದ ಸೇತುವೆಯಿದೆ. ಕೆಳಗಡೆ ಚಿಕ್ಕಸಂಗಮದಲ್ಲಿ ಆ ನದಿ ಕೃಷ್ಣೆಯನ್ನು ಸೇರುತ್ತದೆ. ಪಶ್ಚಿಮಕ್ಕೆ ಹೊರಟರೆ ಮುಧೋಳ ಜಮಖಂಡಿಗಳು. ಅವೆರಡೂ ೧೯೪೮ರ ಮಾರ್ಚಿಯವರೆಗೆ ಸ್ವಂತ ಅರಸರಿದ್ದ ಸಂಸ್ಥಾನಗಳು. ಉತ್ತರಕ್ಕೆ ಕೃಷ್ಣೆಯನ್ನು ದಾಟಿದರೆ ವಿಜಯಪುರ, ಅದರಾಚೆ ಭೀಮೆ. ಈ ನದಿಗಳ ನಡುವಣ ನೆಲ ಬಹುಮಟ್ಟಿಗೆ ಎರೆಭೂಮಿ. ಬೇಸಿಗೆಯಲ್ಲಿ ಕಾಲು ಹುದುಗುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಕಾಲು ಕೀಳಲಾಗದಂತೆ ಅಂಟುತ್ತದೆ. ಭೀಮೆಯ ದಡ ಕುದುರೆಗೆ ಹೆಸರಾಗಿತ್ತು; ಕೃಷ್ಣೆ ಘಟಪ್ರಭೆಗಳ ದಡ ಹೋರಿಗೆ ಹೆಸರಾಯಿತು. ಆದುದರಿಂದ ನಮ್ಮ ಪ್ರಶ್ನೆಯನ್ನು ವಿಚಾರಿಸಲು ಇದಕ್ಕಿಂತ ತಕ್ಕ ಸೀಮೆ ಇಲ್ಲ.

ಮೊದಲು ಕುದುರೆಯ ಮಾತು. ದಕ್ಷಿಣದೇಶದ ಅರಸರು ಬಹುಕಾಲ ಕುದುರೆಗಾಗಿ ಕಡಲಾಚೆಯನ್ನೇ ನೆಚ್ಚಿದ್ದರು. ೧೩ನೆಯ ಶತಮಾನದ ಕೊನೆಯಲ್ಲಿ ಇತ್ತ ಬಂದ ವೆನಿಸ್ಸಿನ ಮಾರ್ಕೊ ಪೋಲೊ ಪಾಂಡ್ಯರ ಕರಾವಳಿಯ ವಿಷಯದಲ್ಲಿ ಒಂದು ಸಂಗತಿಯನ್ನು ಹೇಳುತ್ತಾನೆ: ಉತ್ತಮವಾದ ಗಂಡುಕುದುರೆಗೆ ಉತ್ತಮವಾದ ಹೆಣ್ಣುಕುದುರೆಯನ್ನು ಕೂಡಿಸಿದರೂ ಅಲ್ಲಿ ಹುಟ್ಟುವುದು ಸೊಟ್ಟಕಾಲಿನ ಬಡಕಲು ಮರಿಯಂತೆ. ಕುದುರೆಗಳಿಗೆ ಬೇಯಿಸಿದ ಅನ್ನವನ್ನೂ ಮಾಂಸವನ್ನೂ ತಿನ್ನಿಸುತ್ತಿದ್ದರೆಂದೂ, ಅವುಗಳ ಆರೈಕೆ ಬಲ್ಲವರು ಅಲ್ಲಿರಲಿಲ್ಲವೆಂದೂ ಅವನೇ ಬರೆದಿದ್ದಾನೆ. ಅಂದಮೇಲೆ ದೋಷ ಬೀಜದಲ್ಲಿರಲಿಲ್ಲ, ಮರಿ ಬೆಳೆಯಬೇಕಾದ ಮನೆಯಲ್ಲಿತ್ತು. ಈ ಮಾತನ್ನು ನಾವು ನೆನಪಿನಲ್ಲಿಡಬೇಕು. ಮುಂದೆ ಇದೇ ಕಥೆ ಬೇರೆ ವೇಷದಲ್ಲಿ ಬರಲಿದೆ.

ವಿಜಯನಗರದ ಕಾಲಕ್ಕೆ ಈ ವ್ಯಾಪಾರ ಶಿಖರಕ್ಕೇರಿತು. ಸ್ವತಃ ಕುದುರೆಯ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ಪ್ರವಾಸಿ ನೂನಿಜ್ ೧೫೩೫ರ ಸುಮಾರಿನಲ್ಲಿ ಬರೆದ ವೃತ್ತಾಂತದಂತೆ, ಅರಸನು ಹೊರ್ಮುಜಿನ ಕುದುರೆಗಳೂ ನಾಡತಳಿಗಳೂ ಸೇರಿ ವರ್ಷಕ್ಕೆ ೧೩,೦೦೦ ಕುದುರೆಗಳನ್ನು ಕೊಳ್ಳುತ್ತಿದ್ದನು. ಸಾಳುವ ನರಸಿಂಹನ ವಿಷಯದಲ್ಲಿ ನೂನಿಜ್ ಹೇಳುವುದು ಇನ್ನೂ ವಿಚಿತ್ರವಾಗಿದೆ. ಆ ಅರಸನು ಸಾವಿರ ಪರ್ದಾವಿಗೆ ಮೂರರಂತೆ ಕುದುರೆಗಳನ್ನು ಕೊಳ್ಳುತ್ತಿದ್ದನಂತೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಜೀವಂತ ಕುದುರೆಗೆ ಕೊಡುವ ಬೆಲೆಯನ್ನೇ ಕೊಡುತ್ತಿದ್ದನಂತೆ. ಬಾಲಕ್ಕೆ ಬೆಲೆ ತೆರುವ ದೊರೆಯನ್ನು ಕಂಡು ನಗುವುದು ಸುಲಭ. ಆದರೆ ವರ್ತಕನ ನಷ್ಟವನ್ನು ತಾನು ಹೊತ್ತರೆ ಮಾತ್ರ ಮುಂದಿನ ವರ್ಷವೂ ಹಡಗು ಬರುವುದೆಂಬುದು ಆ ದೊರೆಗೆ ತಿಳಿದಿತ್ತು. ಸಾಕುವವನ ನಷ್ಟವನ್ನು ಯಾರು ಹೊರಬೇಕೆಂಬ ಈ ವಿವೇಕ ಮುಂದಿನ ಸರ್ಕಾರಗಳಿಗೆ ಅಷ್ಟಾಗಿ ಇರಲಿಲ್ಲವೆಂಬುದನ್ನು ಕಾಣಲಿದ್ದೇವೆ.

ಆದರೂ ದಖ್ಖನ್ನಿನ ಒಣಹವೆಯ ಬಯಲು ಕರಾವಳಿಯಂತಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಲಕ್ಷಣಗಳ ವಿಚಾರವಿದೆ. ಭೀಮೆಯ ದಡದಲ್ಲಿ ನಾಡಕುದುರೆಗೆ ಅರಬ್ಬಿ ಮುಂತಾದ ಪರದೇಶದ ರಕ್ತ ಬೆರೆತು ಒಂದು ತಳಿ ನಿಂತಿತು. ‘ಥಡಿ’ ಎಂದರೆ ಮರಾಠಿಯಲ್ಲಿ ದಡ; ಅದಕ್ಕೇ ಅದು ಭೀಮಥಡಿ ಕುದುರೆ. ಎತ್ತರದಲ್ಲಿ ಸಣ್ಣದು, ನೋಡುವುದಕ್ಕೆ ಸಾಮಾನ್ಯ. ಆದರೆ ಕಡಬು ತಿಂದು, ಕಲ್ಲುದಾರಿಯಲ್ಲಿ ನಡೆದು, ದಿನವೆಲ್ಲ ದಣಿಯದ ಪ್ರಾಣಿ. ಮರಾಠರ ಲಘು ಅಶ್ವಸೇನೆಯ ಚುರುಕಿಗೆ ಈ ಕುದುರೆ ಆಧಾರವಾಗಿತ್ತು.

ಆ ಸೇನೆಯ ಏರ್ಪಾಟನ್ನು ಸ್ವಲ್ಪ ಗಮನಿಸಬೇಕು. ಸರ್ಕಾರದ ಕುದುರೆಯನ್ನೇರುವವನು ಬಾರಗೀರ. ಸ್ವಂತ ಕುದುರೆಯನ್ನು ತರುವವನು ಶಿಲೇದಾರ. ಶಿಲೇದಾರನಿಗೆ ಸಂಬಳವೂ ಹೆಚ್ಚು, ಮಾನವೂ ಹೆಚ್ಚು. ಬೆಳೆಯ ಕಾಲ ಮುಗಿದು, ದಸರೆಯ ದಿನ ಸೀಮೋಲ್ಲಂಘನ ಮಾಡಿ, ದಂಡು ಹೊರಡುತ್ತಿತ್ತು. ಮಳೆಗಾಲಕ್ಕೆ ಊರಿಗೆ ಮರಳುತ್ತಿತ್ತು. ಅಂದರೆ ಹಟ್ಟಿಯಲ್ಲಿ ಹುಟ್ಟಿದ ಕುದುರೆಮರಿಗೆ ಆ ಮನೆಯಲ್ಲಿಯೇ ಕೆಲಸ ಕಾದಿರುತ್ತಿತ್ತು. ಮನೆಯ ಮಗನು ಅದನ್ನೇರಿ ದುಡಿಯಲು ಹೋಗುವನು. ಮರಿಗೆ ತಿನ್ನಿಸಿದ ಪ್ರತಿ ಹಿಡಿ ಹುರುಳಿಯೂ ಅವನ ಸಂಬಳವಾಗಿ ಹಿಂದಿರುಗುವ ಭರವಸೆ ತಂದೆಗಿತ್ತು. ಇಂಥ ಕಡೆ ಒಳ್ಳೆಯ ಗಂಡುಕುದುರೆಗಾಗಿ ರೈತನನ್ನು ಯಾರೂ ಒತ್ತಾಯಪಡಿಸಬೇಕಾಗಿರಲಿಲ್ಲ; ತಾನಾಗಿಯೇ ಹುಡುಕಿಕೊಂಡು ಹೋಗುತ್ತಿದ್ದನು.

೧೮೧೮ರಲ್ಲಿ ಪೇಶ್ವೆಯ ರಾಜ್ಯ ಅಳಿಯಿತು. ಸೇನೆ ಚದರಿತು, ಶಿಲೇದಾರಿಕೆ ಹಳ್ಳಿಗರ ಕೈತಪ್ಪಿತು. ಕಂಪನಿಯ ಸರ್ಕಾರಕ್ಕೂ ಕುದುರೆ ಬೇಕಾಗಿತ್ತು. ಆದರೆ ಅದು ಬಯಸಿದ ಕುದುರೆಯೇ ಬೇರೆ. ಭಾರವಾದ ಸವಾರನನ್ನೂ ಅವನ ಸರಂಜಾಮನ್ನೂ ಹೊರುವ, ಫಿರಂಗಿಯ ಗಾಡಿಯನ್ನೆಳೆಯುವ, ಎತ್ತರದ ಕುದುರೆ ಅದಕ್ಕೆ ಬೇಕು. ಅದಕ್ಕಾಗಿ ಕಂಪನಿ ೧೭೯೫ರಲ್ಲಿಯೇ ಬಿಹಾರದ ಪೂಸಾದಲ್ಲಿ ಒಂದು ಅಶ್ವಶಾಲೆಯನ್ನು ತೆರೆದಿತ್ತು. ೧೮೦೮ರಲ್ಲಿ ವಿಲಿಯಂ ಮೂರ್‌ಕ್ರಾಫ್ಟ್ ಎಂಬ ಪಶುವೈದ್ಯನು ಅದರ ಮುಖ್ಯಾಧಿಕಾರಿಯಾದನು. ಉತ್ತಮವಾದ ಬೀಜದ ಕುದುರೆಗಳನ್ನು ಅರಸುತ್ತ ಅವನು ೧೮೧೨ರಲ್ಲಿ ಟಿಬೆಟ್ಟಿಗೆ ಹೋದನು. ೧೮೧೯ರಲ್ಲಿ ಮತ್ತೆ ಹೊರಟು ಲಡಾಖ್, ಕಾಬೂಲುಗಳ ಮೂಲಕ ಬುಖಾರದವರೆಗೆ ನಡೆದು, ೧೮೨೫ರಲ್ಲಿ ಹಿಂದಿರುಗುವ ದಾರಿಯಲ್ಲಿ ತೀರಿಕೊಂಡನು. ಬೀಜದ ಕುದುರೆಗಾಗಿ ಪ್ರಾಣವನ್ನೇ ತೆತ್ತ ಈ ಮನುಷ್ಯನ ಶ್ರದ್ಧೆಯನ್ನು ನಾವು ಗೌರವಿಸುತ್ತೇವೆ. ಆದರೆ ಅಶ್ವಶಾಲೆಯ ಖರ್ಚು ಬೆಳೆಯುತ್ತ ಹೋಯಿತು. ಸೈನ್ಯಕ್ಕೆ ಒಪ್ಪುವ ಕುದುರೆಗಳು ಆ ಪ್ರಮಾಣದಲ್ಲಿ ಹುಟ್ಟಲಿಲ್ಲ. ೧೮೭೦ರ ದಶಕದಲ್ಲಿ ಸರ್ಕಾರ ಆ ಏರ್ಪಾಟನ್ನೇ ಕೈಬಿಟ್ಟಿತು.

ತರುವಾಯ ಬಂದುದು ಹೊಸ ಪದ್ಧತಿ. ಕುದುರೆಗಳನ್ನು ಒಂದೇ ಕಡೆ ಕೂಡಿಹಾಕುವುದಕ್ಕೆ ಬದಲಾಗಿ ಬೀಜದ ಕುದುರೆಗಳನ್ನು ಜಿಲ್ಲೆಜಿಲ್ಲೆಗೆ ಹಂಚಿದರು. ಇಂಗ್ಲೆಂಡಿನ ಪಂದ್ಯದ ಜಾತಿ, ನಾರ್‌ಫೋಕಿನ ದುಡುಕುನಡೆಯ ಜಾತಿ, ಅರಬ್ಬಿ, ಹೀಗೆ ಹಲವು ಬಗೆಯವು ಬಂದವು. ದಖ್ಖನ್ನಿನ ಸಣ್ಣ ಹೆಣ್ಣುಕುದುರೆಗಳಿಗೆ ಅರಬ್ಬಿಯೇ ಹೊಂದುವುದೆಂದು ಬಲ್ಲವರು ಹೇಳುತ್ತಿದ್ದರು. ಅಧಿಕಾರಿ ಬಂದು ಹೆಣ್ಣುಕುದುರೆಯನ್ನು ಪರೀಕ್ಷಿಸಿ, ಒಪ್ಪಿದರೆ ಅದಕ್ಕೆ ಮುದ್ರೆಯ ಬರೆ ಹಾಕುವನು. ಮುದ್ರೆಯಿದ್ದ ಕುದುರೆಗೆ ಸರ್ಕಾರದ ಗಂಡುಕುದುರೆಯ ಸೇವೆ ಧರ್ಮಾರ್ಥ. ಹುಟ್ಟಿದ ಮರಿ ರೈತನ ಸೊತ್ತು. ಬೆಳೆದ ಮೇಲೆ ಜಾತ್ರೆಗೆ ತಂದರೆ ಸೈನ್ಯದವರು ನೋಡಿ ಕೊಳ್ಳುವರು. ಕಾಗದದ ಮೇಲೆ ಇದಕ್ಕಿಂತ ಉದಾರವಾದ ಯೋಜನೆಯನ್ನು ಕಲ್ಪಿಸುವುದು ಕಷ್ಟ.

ರೈತನ ಲೆಕ್ಕ ಬೇರೆ. ಹೆಣ್ಣುಕುದುರೆ ಗಬ್ಬವಾದ ಮೇಲೆ ಈಯುವುದಕ್ಕೆ ಹನ್ನೊಂದು ತಿಂಗಳು. ಮರಿ ಮಾರುವ ವಯಸ್ಸಿಗೆ ಬರಲು ಮೂರು ನಾಲ್ಕು ವರ್ಷ. ಅಷ್ಟು ಕಾಲವೂ ಅದಕ್ಕೆ ಮೇವು, ಹುರುಳಿ, ಆಳು. ನಮ್ಮ ಸೀಮೆಯಲ್ಲಿ ಕುದುರೆ ನೇಗಿಲೆಳೆಯುವುದಿಲ್ಲ, ಕೂರಿಗೆಯೆಳೆಯುವುದಿಲ್ಲ. ಕೊನೆಗೆ ಕೊಳ್ಳುವವನು ಸೈನ್ಯವೊಂದೇ. ಅದು ಒಂದು ಅಂಗುಲ ಎತ್ತರ ಕಡಿಮೆಯೆಂದೋ, ಮೊಣಕಾಲು ಸರಿಯಿಲ್ಲವೆಂದೋ ತಳ್ಳಿಹಾಕಿದರೆ ನಾಲ್ಕು ವರ್ಷದ ಶ್ರಮ ಮಣ್ಣುಪಾಲು. ಹಾಗೆ ತಿರಸ್ಕೃತವಾದ ಕುದುರೆ ತನ್ನ ತಾಯಿಗಿಂತ ಎತ್ತರವಾಗಿಯೂ ನಾಜೂಕಾಗಿಯೂ ಬೆಳೆದಿರುವುದರಿಂದ ಹೇರು ಹೊರುವುದಕ್ಕೂ ಒದಗದು, ಕಡಬನ್ನೇ ತಿಂದು ಬದುಕಲೂ ಆರದು. ನೂನಿಜ್ ಹೇಳುವ ಕಾಲದಲ್ಲಿ ಸತ್ತ ಕುದುರೆಯ ನಷ್ಟವನ್ನು ಅರಸನು ಹೊತ್ತನು; ಇಲ್ಲಿ ಬದುಕಿದ ಕುದುರೆಯ ನಷ್ಟವನ್ನೂ ರೈತನೇ ಹೊರಬೇಕಾಯಿತು. ಧರ್ಮಾರ್ಥವಾಗಿ ಸಿಕ್ಕಿದ್ದು ಒಂದು ಗಳಿಗೆಯ ಸೇವೆ, ಕೈಯಿಂದ ಬಿದ್ದುದು ನಾಲ್ಕು ವರ್ಷದ ಗ್ರಾಸ.

ಸರ್ಕಾರಕ್ಕೂ ಇದು ತಿಳಿಯದೆ ಹೋಗಲಿಲ್ಲ. ೧೯೦೦–೦೧ರಲ್ಲಿ ಕುದುರೆ ಹೇಸರಗತ್ತೆಗಳ ತಳಿಯನ್ನು ಕುರಿತು ಒಂದು ಕಮಿಷನ್ ಕುಳಿತಿತು. ತರುವಾಯ ಸೈನ್ಯದ ಇಲಾಖೆ ಆಯ್ದ ಪ್ರದೇಶಗಳ ಮೇಲೆ ಮಾತ್ರ ದೃಷ್ಟಿಯಿಟ್ಟಿತು. ಪಂಜಾಬಿನ ಜೇಲಮ್ ಕಾಲುವೆಯ ಹೊಸ ನೆಲದಲ್ಲಿ, ಸೈನ್ಯಕ್ಕಾಗಿ ಒಂದು ಹೆಣ್ಣುಕುದುರೆಯನ್ನು ಸಾಕಲೇಬೇಕೆಂಬ ಕರಾರಿನ ಮೇಲೆ ರೈತರಿಗೆ ಭೂಮಿ ಕೊಟ್ಟರು. ಅಂಥವರಿಗೆ ‘ಘೋಡೀಪಾಲ’ರೆಂದು ಹೆಸರು. ನೀರಾವರಿಯ ಭೂಮಿಯನ್ನೇ ಕೊಟ್ಟು ಕುದುರೆ ಸಾಕಿಸಬೇಕಾಯಿತೆಂಬುದರಿಂದ, ಬರಿಯ ಬೀಜದ ಕುದುರೆ ಸಾಲದೆಂಬುದನ್ನು ಸರ್ಕಾರವೇ ಒಪ್ಪಿಕೊಂಡಂತಾಯಿತು. ಅತ್ತ ಆಸ್ಟ್ರೇಲಿಯಾದಿಂದ ‘ವೇಲರ್’ ಕುದುರೆಗಳು ಹಡಗುಗಟ್ಟಲೆ ಬಂದಿಳಿಯುತ್ತಿದ್ದವು. ೧೮೮೦ರ ದಶಕದಲ್ಲಿ ಗದಗು ಹೋಟಗಿಗಳ ನಡುವೆ ರೈಲುದಾರಿಯಾಗಿ, ಬಾಗಲಕೋಟೆ ಬಿಜಾಪುರಗಳ ನಡುವೆ ತಟ್ಟುಗಳ ಸವಾರಿಯೂ ತಗ್ಗಿತ್ತು. ಭೀಮಥಡಿಯ ಹೆಸರು ಕ್ರಮೇಣ ಹಳೆಯ ಪುಸ್ತಕಗಳ ಪಾಲಾಯಿತು.

ಈಗ ಹೋರಿಯ ಮಾತಿಗೆ ಬರೋಣ. ದನಕರುಗಳ ಆರೈಕೆ ಕನ್ನಡನಾಡಿಗೆ ಹೊಸ ವಿದ್ಯೆಯಲ್ಲ. ೧೨ನೆಯ ಶತಮಾನದಲ್ಲಿಯೇ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದನು. ನಮ್ಮ ಸೀಮೆಯ ಎರೆಭೂಮಿಗೆ ಒಂದು ವಿಶೇಷ ಕಷ್ಟವಿದೆ. ಕರಿಕೆಯ ಬೇರು ಆಳಕ್ಕಿಳಿದರೆ ಅದನ್ನು ಕೀಳಲು ರಂಟೆ ಕುಂಟೆಗಳು ಸಾಲವು. ನಾಲ್ಕಾರು ಜೊತೆ ಎತ್ತು ಕಟ್ಟಿ ದೊಡ್ಡ ನೇಗಿಲು ಹೂಡಬೇಕು. ಇದಕ್ಕೆ ವೇಗಕ್ಕಿಂತ ತೂಕ ಮುಖ್ಯ, ತೂಕಕ್ಕಿಂತ ತಾಳ್ಮೆ ಮುಖ್ಯ. ೧೮೭೬ರಿಂದ ೧೮೭೮ರವರೆಗಿನ ಧಾತು–ಈಶ್ವರ ಸಂವತ್ಸರಗಳ ಘೋರ ಕ್ಷಾಮದಲ್ಲಿ ಆಗಿನ ಕಲಾದಗಿ ಜಿಲ್ಲೆ ಜನರನ್ನೂ ದನಗಳನ್ನೂ ಲೆಕ್ಕವಿಲ್ಲದಷ್ಟು ಕಳೆದುಕೊಂಡಿತು. ಎತ್ತಿಲ್ಲದ ಮನೆಗೆ ಮಳೆ ಬಂದರೂ ಫಲವಿಲ್ಲವೆಂಬುದನ್ನು ಆ ಪೀಳಿಗೆ ಕಣ್ಣಾರೆ ಕಂಡಿತು.

ಆ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಿಕರು ಈ ನೆಲಕ್ಕೆ ತಕ್ಕ ಎತ್ತನ್ನು ಬೆಳೆಸಲು ಮನಸ್ಸು ಮಾಡಿದರು. ಕಾಠೇವಾಡದ ಗೀರ್ ಹೋರಿಗಳನ್ನೂ ಆಂಧ್ರದ ಒಂಗೋಲು ಹೋರಿಗಳನ್ನೂ ತರಿಸಿ, ಮೈಸೂರು ಕಡೆಯ ರಕ್ತವಿದ್ದ ಸ್ಥಳೀಯ ಆಕಳುಗಳಿಗೆ ಕೂಡಿಸಿದರು. ಹೀಗೆ ರೂಪುಗೊಂಡುದೇ ಕೃಷ್ಣಾತೀರದ ತಳಿ. ಬೂದುಬೆರೆತ ಬಿಳಿಯ ಬಣ್ಣ, ಉಬ್ಬಿದ ಹಣೆ, ಸಣ್ಣದಾಗಿ ಬಾಗಿದ ಕೊಂಬು, ಜೋಲುವ ಗಂಗೆದೊಗಲು, ತುಂಬಿದ ಹಿಣಿಲು. ನಡೆ ನಿಧಾನ; ಆದರೆ ಅಂಟುಮಣ್ಣಿನಲ್ಲಿ ನೊಗಕ್ಕೆ ಹೆಗಲು ಕೊಟ್ಟರೆ ಹಿಂದೆಗೆಯುವ ಪ್ರಾಣಿಯಲ್ಲ.

ಈ ಹೋರಿಯೂ ಕುದುರೆಯಂತೆ ಹೊರಗಿನಿಂದಲೇ ಬಂದಿತು, ಅರಸರಿಂದಲೇ ಬಂದಿತು. ಆದರೂ ಇದನ್ನು ರೈತನು ತನ್ನದಾಗಿ ಮಾಡಿಕೊಂಡನು. ಕಾರಣ ಸ್ಪಷ್ಟವಾಗಿದೆ. ಹುಟ್ಟಿದ ಹೋರಿಕರು ಮೂರು ವರ್ಷಕ್ಕೆ ಅವನ ನೊಗಕ್ಕೇ ಬರುತ್ತಿತ್ತು. ಹೆಣ್ಣುಕರುವಾದರೆ ಮನೆಗೆ ಹಾಲು. ಅಳತೆಪಟ್ಟಿ ಹಿಡಿದು ಬರುವ ಅಧಿಕಾರಿಯ ಒಪ್ಪಿಗೆ ಇದಕ್ಕೆ ಬೇಕಿರಲಿಲ್ಲ. ಒಬ್ಬನು ಕೊಳ್ಳದಿದ್ದರೆ ಜಾತ್ರೆಯಲ್ಲಿ ಕೊಳ್ಳುವವರು ನೂರು ಜನ. ಯಾರೂ ಕೊಳ್ಳದಿದ್ದರೂ ಉಳುವ ಹೊಲ ಮನೆಯ ಹಿಂದೆಯೇ ಇತ್ತು. ಅಷ್ಟೇ ಅಲ್ಲ, ಬೀಜದ ಹೋರಿಗೆ ಹಳ್ಳಿಯ ಬಾಳಿನಲ್ಲಿ ಮೊದಲೇ ಒಂದು ಸ್ಥಾನವಿತ್ತು. ದೇವರ ಹೆಸರಿನಲ್ಲಿ ಬಿಟ್ಟ ಬಸವ ಯಾರ ಹೊಲದಲ್ಲಿ ಮೇಯ್ದರೂ ಅದನ್ನು ಹೊಡೆಯುವವರಿಲ್ಲ. ಕಾರಹುಣ್ಣಿಮೆಯ ದಿನ ಎತ್ತುಗಳಿಗೆ ಬಣ್ಣ ಹಚ್ಚಿ ಓಡಿಸುವುದು, ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಣ್ಣಿನ ಜೋಡಿಯನ್ನು ಪೂಜಿಸುವುದು, ಇವೆಲ್ಲ ಆ ಪ್ರಾಣಿ ಮನೆಯ ಮಂದಿಯಲ್ಲೊಂದು ಎಂಬುದರ ಗುರುತುಗಳು.

ಸರ್ಕಾರವೂ ಕಾಲಕ್ರಮದಲ್ಲಿ ಹೋರಿಯ ಕಡೆಗೆ ತಿರುಗಿತು. ಲಿನ್‌ಲಿತ್‌ಗೋ ಪ್ರಭುಗಳ ಅಧ್ಯಕ್ಷತೆಯಲ್ಲಿ ವ್ಯವಸಾಯದ ರಾಯಲ್ ಕಮಿಷನ್ ೧೯೨೮ರಲ್ಲಿ ತನ್ನ ವರದಿಯನ್ನೊಪ್ಪಿಸಿತು. ಅವರೇ ೧೯೩೬ರಲ್ಲಿ ವೈಸರಾಯರಾಗಿ ಬಂದಾಗ, ಉಳ್ಳವರು ಹಳ್ಳಿಗಳಿಗೆ ಬೀಜದ ಹೋರಿಗಳನ್ನು ದಾನ ಮಾಡಬೇಕೆಂದು ಕರೆಯಿತ್ತು, ತಾವೂ ಹೋರಿಗಳನ್ನು ಕೊಂಡು ಕೊಟ್ಟರು. ಮುಂಬಯಿ ಪ್ರಾಂತದಲ್ಲಿ ೧೯೩೩ರಲ್ಲಿಯೇ ಪಶುಸುಧಾರಣೆಯ ಕಾಯಿದೆಯಾಗಿತ್ತು. ಅದು ಜಾರಿಯಾದ ಕಡೆ ಹೋರಿಗೆ ಪರವಾನಗಿ ಬೇಕು. ಇಲ್ಲದ್ದನ್ನು ಬೀಜ ಒಡೆಯಬೇಕು. ದೇವರಿಗೆ ಬಿಟ್ಟ ಬಸವನಿಗೆ ಕಾಯಿದೆಯ ಕತ್ತರಿ ತಗಲಬಹುದೇ ಎಂಬ ಅಳುಕು ಹಳ್ಳಿಗರಿಗೆ ಸಹಜವಾದುದು. ದಾನದ ಹೋರಿ ನಮ್ಮ ಜನಕ್ಕೆ ಪರಿಚಿತ; ಪರವಾನಗಿಯ ಹೋರಿ ಅಪರಿಚಿತ.

ಇಲ್ಲಿಗೆ ಕಥೆ ಮುಗಿದಿದ್ದರೆ ಸುಖಾಂತವೆನ್ನಬಹುದಾಗಿತ್ತು. ಆದರೆ ಕುದುರೆಯನ್ನು ಕೆಡಿಸಿದ ನಿಯಮವೇ ಹೋರಿಯನ್ನೂ ಬಿಡಲಿಲ್ಲ. ಸ್ವಾತಂತ್ರ್ಯಾನಂತರ ಟ್ರಾಕ್ಟರು ಬಂದಿತು. ನಾಲ್ಕಾರು ಜೊತೆ ಎತ್ತಿನ ನೇಗಿಲು ಮೂಲೆಗೆ ಸೇರಿತು. ಕಾಲುವೆಯ ನೀರು ಬಂದ ಕಡೆ ಜೋಳದ ಹೊಲ ಕಬ್ಬಿನ ಗದ್ದೆಯಾಯಿತು. ಜೋಳ ಹೋದಲ್ಲಿ ಕಣಿಕೆಯೂ ಹೋಯಿತು. ಭಾರಿ ಹೊಟ್ಟೆಯ ಕೃಷ್ಣಾತೀರದ ಎತ್ತಿಗಿಂತ ಹಗುರವಾಗಿ ಚುರುಕಾಗಿ ನಡೆಯುವ ಖಿಲಾರಿ ಎತ್ತೇ ಮೇಲೆಂದು ರೈತನಿಗೆ ತೋರಿತು. ಹಾಲಿಗೆ ಪರದೇಶದ ಮಿಶ್ರತಳಿ ಬಂದಿತು. ಆಲಮಟ್ಟಿಯ ಜಲಾಶಯದ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಮೇಲೇರಿ ಅನಗವಾಡಿಯ ಸೇತುವೆಯ ಕೆಳಗೆ ನಿಂತಿತು. ಹೊಳೆದಂಡೆಯ ಹೊಲಗಾವಲುಗಳು ನೀರೊಳಗಾದವು. ಅಮೆರಿಕದ ಬ್ರಹ್ಮನ್ ತಳಿಯನ್ನು ಕಟ್ಟುವಾಗ ಬೆರೆಸಿದ ಭಾರತದ ರಕ್ತಗಳಲ್ಲಿ ಕೃಷ್ಣಾತೀರದ್ದೂ ಒಂದು. ಅತ್ತ ಆ ರಕ್ತ ಲಕ್ಷಾಂತರ ದನಗಳಲ್ಲಿ ಹರಿಯುತ್ತಿದ್ದರೆ, ಇತ್ತ ಹುಟ್ಟಿದ ನೆಲದಲ್ಲಿ ಶುದ್ಧವಾದ ಜೋಡಿಯನ್ನು ಹುಡುಕಿಕೊಂಡು ಹೋಗಬೇಕಾಗಿದೆ.

ಇನ್ನೊಂದು ಕಡೆ, ಸತ್ತಿತೆಂದುಕೊಂಡಿದ್ದ ಭೀಮಥಡಿ ಸತ್ತಿರಲಿಲ್ಲ. ಮಹಾರಾಷ್ಟ್ರದ ಧನಗರ ಕುರುಬರು ಕುರಿಗಳ ಹಿಂದೆ ಊರೂರು ಅಲೆಯುವಾಗ ಗುಡಾರ, ಪಾತ್ರೆ, ಎಳೆಯ ಮರಿಗಳನ್ನು ಈ ಸಣ್ಣ ಕುದುರೆಗಳ ಮೇಲೆ ಹೇರಿಕೊಂಡೇ ಹೋಗುತ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಅದನ್ನು ಪ್ರತ್ಯೇಕ ತಳಿಯೆಂದು ದಾಖಲೆ ಮಾಡಿಕೊಂಡಿತು. ಅಶ್ವಶಾಲೆಯಾಗಲಿ ಅರಬ್ಬಿಯಾಗಲಿ ಅದನ್ನು ಉಳಿಸಲಿಲ್ಲ; ಹೇರು ಹೊರಿಸಿದವರು ಉಳಿಸಿದರು. ನಮ್ಮ ಕುಣಿಗಲಿನ ಕುದುರೆ ಫಾರಂ ಟೀಪೂ ಸುಲ್ತಾನನ ಅಶ್ವಸೇನೆಗಾಗಿ ಹುಟ್ಟಿತೆಂಬುದು ರೂಢಿ. ಅಶ್ವಸೇನೆಯ ಕಾಲ ಕಳೆದ ಮೇಲೆ ಅದು ಜೂಜುಕುದುರೆಗಳಿಂದ ಬದುಕಿತು. ೧೯೯೨ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೂ ಹೋಯಿತು. ಕೆಲಸ ಬದಲಾಯಿತು, ಕುದುರೆ ಉಳಿಯಿತು, ಕುದುರೆಯ ಜಾತಿಯೂ ಬದಲಾಯಿತು.

ಇವೆಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ತೋರುವುದಿಷ್ಟು. ಬೀಜದ ಗುಣ ದೊಡ್ಡದು. ಆದರೆ ಹುಟ್ಟುವ ಮರಿಗೆ ಹಟ್ಟಿಯಲ್ಲಿ ಕೆಲಸವಿರುವುದು ಅದಕ್ಕಿಂತ ದೊಡ್ಡದು. ಈಗ ಹೋರಿಯನ್ನು ಊರಿಗೆ ತರಬೇಕಾದುದೇ ಇಲ್ಲ. ಸೊನ್ನೆಗಿಂತ ೧೯೬ ಡಿಗ್ರಿ ಕೆಳಗಿನ ದ್ರವಸಾರಜನಕದಲ್ಲಿ ಅದರ ವೀರ್ಯವನ್ನು ವರ್ಷಗಟ್ಟಲೆ ಕಾದಿಡಬಹುದು. ಅದು ಅಗತ್ಯವಾದ ಕೆಲಸವೇ ಸರಿ. ಆದರೆ ಕಾದಿಟ್ಟ ಬೀಜ ತಳಿಯಲ್ಲ, ತಳಿಯ ನೆನಪು. ಕೃಷ್ಣಾತೀರದ ಆಕಳ ಹಾಲಿಗೆ ತಕ್ಕ ಬೆಲೆ ಬರಬೇಕು. ಎರಡು ಮೂರು ಎಕರೆಯ ರೈತನಿಗೆ ಟ್ರಾಕ್ಟರಿನ ಬಾಡಿಗೆಗಿಂತ ಎತ್ತಿನ ಬೇಸಾಯ ಅಗ್ಗವಾಗಬೇಕು. ಕರುವನ್ನು ಸಾಕುವ ವರ್ಷಗಳ ಭಾರದಲ್ಲಿ ಸರ್ಕಾರ ಪಾಲು ಹೊರಬೇಕು. ಸಾಳುವ ನರಸಿಂಹನು ಸತ್ತ ಕುದುರೆಯ ಬಾಲಕ್ಕೆ ಬೆಲೆ ತೆತ್ತನು. ನಾವು ಬದುಕಿರುವ ಕರುವಿನ ಮೇವಿಗಾದರೂ ತೆರಬೇಡವೇ? ಮುಂದಿನ ಕಾರಹುಣ್ಣಿಮೆಯಲ್ಲಿ ಘಟಪ್ರಭೆಯ ದಡದ ಯಾವ ಊರಿನಲ್ಲಾದರೂ ಬಿಳಿಯ ಭಾರಿ ಜೋಡಿಯೊಂದು ಕೊಂಬಿಗೆ ಬಣ್ಣ ಬಳಿದುಕೊಂಡು ಬಂದರೆ, ಅದರ ಹಗ್ಗ ಹಿಡಿದ ರೈತನನ್ನು ನಿಲ್ಲಿಸಿ, ಇದನ್ನು ಸಾಕುವುದರಿಂದ ನಿನಗೆ ಉಳಿಯುವುದೇನಪ್ಪಾ ಎಂದು ಕೇಳಬೇಕು. ಅವನ ಉತ್ತರದಲ್ಲಿ ಆ ತಳಿಯ ಆಯುಸ್ಸು ಅಡಗಿದೆ.